ದಡದಲ್ಲಿ ಗುಂಪು, ನೀರಿನಲ್ಲಿ ಇಬ್ಬರೇ

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಸ್ಟೋನಿ ಸ್ಟಾಂಟನ್ ಎಂಬ ಹಳ್ಳಿಯ ಪಕ್ಕ ಒಂದು ಹಳೆಯ ಗ್ರಾನೈಟ್ ಕ್ವಾರಿ ಇದೆ. 1958ರಲ್ಲಿ ಕಲ್ಲು ತೆಗೆಯುವುದು ನಿಂತ ಮೇಲೆ ಒರತೆಯ ನೀರು ತುಂಬಿಕೊಂಡು ಅದು ಸ್ಟೋನಿ ಕೋವ್ ಎಂಬ ಕೆರೆಯಾಯಿತು. ಕಲ್ಲು ಕಡಿದ ಹಂತಗಳು ನೀರಿನಡಿ ಹಾಗೆಯೇ ಉಳಿದಿವೆ. ಆರೇಳು ಮೀಟರ್ ಆಳದಲ್ಲಿ ಒಂದು, 20 ಮೀಟರ್ ಸುಮಾರಿಗೆ ಇನ್ನೊಂದು; 35 ಮೀಟರ್ ಆಚೀಚೆಗೆ ತಳ. ಉತ್ತರ ಸಮುದ್ರದ ತೈಲ ಕೆಲಸಕ್ಕೆ ಬೇಕಾದ ಡೈವರ್‌ಗಳು, ಅಂದರೆ ಬೆನ್ನಿಗೆ ಗಾಳಿ ಕಟ್ಟಿಕೊಂಡೋ ಕೊಳವೆಯಿಂದ ಗಾಳಿ ಪಡೆದೋ ನೀರಿನಡಿ ಕೆಲಸ ಮಾಡುವವರು, ಒಂದು ಕಾಲಕ್ಕೆ ಇಲ್ಲೇ ತಯಾರಾದರು. ಈಗ ವಾರಾಂತ್ಯಗಳಲ್ಲಿ ನಮ್ಮಂಥ ಹವ್ಯಾಸಿ ಡೈವಿಂಗ್ ಕ್ಲಬ್ಬುಗಳದೇ ಸಂತೆ.

ನಮ್ಮದು 1953ರಲ್ಲಿ ಶುರುವಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್‌ನ ಒಂದು ಶಾಖೆ. ಕಲಿಸುವವರು ಯಾರೂ ಸಂಬಳ ತೆಗೆದುಕೊಳ್ಳುವುದಿಲ್ಲ. ನಿವೃತ್ತ ರೈಲ್ವೆ ನೌಕರರು, ಶಾಲಾ ಶಿಕ್ಷಕಿ, ಎಲೆಕ್ಟ್ರಿಷಿಯನ್, ಔಷಧಾಲಯದಲ್ಲಿ ಕೆಲಸ ಮಾಡುವ ನಾನು, ಹೀಗೆ ಎಲ್ಲ ಬಗೆಯವರೂ ಇದ್ದೇವೆ.

ಶಿವಮೊಗ್ಗ ಕಡೆಯ ಸಾಗರದಲ್ಲಿರುವ ಅಮ್ಮನದು ಯಾವಾಗಲೂ ಒಂದೇ ಪ್ರಶ್ನೆ: "ಆ ಕೊರೆಯುವ ನೀರಿನಲ್ಲಿ, ಕಣ್ಣೂ ಕಾಣದ ಕಡೆ ನೋಡುವುದಕ್ಕಾದರೂ ಏನಿದೆ ಮಾರಾಯ್ತಿ?" ನ್ಯಾಯವಾದ ಪ್ರಶ್ನೆಯೇ. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋದರೆ ಬೆಚ್ಚಗಿನ ನೀರು, ಬಣ್ಣದ ಮೀನು ಎಲ್ಲ ಸಿಗುತ್ತದೆ. ಇಲ್ಲಿ ಫೆಬ್ರವರಿಯ ನೀರು 5 ಡಿಗ್ರಿ. ಬೆಳಿಗ್ಗೆ ಬೇಗ ಇಳಿದರೆ ನೀರು ಸ್ವಲ್ಪ ತಿಳಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ತರಬೇತಿಯವರ ಕಾಲಿನ ರೆಕ್ಕೆಗಳು ಹೂಳೆಬ್ಬಿಸಿ, ಚಾಚಿದ ಕೈಯಿಂದಾಚೆ ಹಸಿರು ಮಬ್ಬು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಆದರೂ ನನಗೆ ಈ ನೀರೇ ಇಷ್ಟ. ಏಕೆಂದರೆ ಇಲ್ಲಿ ನೋಡಬೇಕಾದದ್ದು ಮೊದಲು ಪಕ್ಕದಲ್ಲಿರುವ ಮನುಷ್ಯನನ್ನು. ತಿಳಿ ನೀರಿನಲ್ಲಿ ಒಬ್ಬ ಮಾರ್ಗದರ್ಶಿಯ ಹಿಂದೆ ಹಲವರು ಸಾಲಾಗಿ ಹೋಗಬಹುದು. ಮಬ್ಬಿನಲ್ಲಿ ಅದು ನಡೆಯದು. ಗುಂಪು ಇರುವುದು ದಡದಲ್ಲಿ ಮಾತ್ರ. ನೀರಿಗಿಳಿದ ಮೇಲೆ ಇಬ್ಬಿಬ್ಬರೇ.

ಒಬ್ಬರು ಇನ್ನೊಬ್ಬರನ್ನು ನೆಚ್ಚುವ ಈ ಅವಲಂಬನೆ ಬಟ್ಟೆ ತೊಡುವಾಗಲೇ ಶುರುವಾಗುತ್ತದೆ. ಮೈಗೆ ನೀರು ತಾಗದಂತೆ ತಡೆಯುವ ನನ್ನ ಡ್ರೈಸೂಟಿನ ಜಿಪ್ ಬೆನ್ನಿನ ಮೇಲೆ ಭುಜದಿಂದ ಭುಜಕ್ಕೆ ಹೋಗುತ್ತದೆ. ನಾನೇ ಎಳೆದುಕೊಳ್ಳಲು ಆಗುವುದಿಲ್ಲ. ಕುತ್ತಿಗೆಯ ರಬ್ಬರ್ ಪಟ್ಟಿಗೆ ಟಾಲ್ಕಂ ಪೌಡರ್ ಸವರಿ ತಲೆ ತೂರಿಸಿದ ಮೇಲೆ ಜೋಡಿಯವರಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಅವರು ಜಿಪ್ಪನ್ನು ಕೊನೆಯವರೆಗೆ ಎಳೆದು, ಬೆರಳಿನಿಂದ ತಡವಿ ನೋಡಿ, ಭುಜ ತಟ್ಟುತ್ತಾರೆ. ಎರಡು ಹಲ್ಲು ತೆರೆದಿದ್ದರೂ ಒಳಗಿನ ಉಣ್ಣೆ ಬಟ್ಟೆ ನೆನೆಯುತ್ತದೆ. ಶಾಖ ಸಾಗಿಸುವುದರಲ್ಲಿ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಮುಂದು. ನೆನೆದವರಿಗೆ ಅಲ್ಲಿಗೇ ಆ ದಿನದ ಡೈವ್ ಮುಗಿಯಿತು.

ನಂತರ ತಪಾಸಣೆ. ತೇಲುವಿಕೆಯ ಜಾಕೆಟ್, ಗಾಳಿ, ಬಿಚ್ಚುವ ಕೊಂಡಿಗಳು ಮೂರನ್ನೂ ಒಬ್ಬರದನ್ನು ಇನ್ನೊಬ್ಬರು ಮುಟ್ಟಿ ನೋಡುತ್ತೇವೆ. ದಡದಲ್ಲಿ ನಿಂತು ಎಲ್ಲರ ಲೆಕ್ಕ ಇಡುವ ಡೈವ್ ಮ್ಯಾನೇಜರ್ ಹಾಳೆಯಲ್ಲಿ ಹೆಸರು, ಇಳಿದ ಸಮಯ, ಸಿಲಿಂಡರಿನ ಒತ್ತಡ ಬರೆದುಕೊಳ್ಳುತ್ತಾರೆ. ಹೊಸಬರಿಗೆ ಇದೆಲ್ಲ ಶಾಲೆಯ ಹಾಜರಿಯಂತೆ ಕಾಣಬಹುದು. ದಯವಿಟ್ಟು ಹಾಗೆ ಭಾವಿಸಬೇಡಿ. ಹೊತ್ತಿಗೆ ಸರಿಯಾಗಿ ಮೇಲೆ ಬಾರದವರು ಯಾರು ಎಂಬುದು ಗೊತ್ತಾಗುವುದು ಆ ಹಾಳೆಯಿಂದಲೇ.

ಕೆಳಗೆ ಮಾತೆಲ್ಲ ಕೈ ಮತ್ತು ಟಾರ್ಚಿನದು. ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಎಂದರ್ಥ, ಆದ್ದರಿಂದ ಸರಿ ಎನ್ನಲು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಟಾರ್ಚಿನ ಬೆಳಕನ್ನು ನಿಧಾನವಾಗಿ ಸುತ್ತಿದರೆ ಎಲ್ಲ ಸರಿ. ಅತ್ತಿತ್ತ ಜೋರಾಗಿ ಬೀಸಿದರೆ ತುರ್ತು. ಜೋಡಿ ತಪ್ಪಿದರೆ ಹುಡುಕಲು ಒಂದು ನಿಮಿಷ ಮಾತ್ರ, ಆಮೇಲೆ ಇಬ್ಬರೂ ಮೇಲೆ ಬರಬೇಕು. ಆಚೆಯವರೂ ಅದನ್ನೇ ಮಾಡುತ್ತಿದ್ದಾರೆ ಎಂಬ ಭರವಸೆಯಿಂದಲೇ ಈ ನಿಯಮ ನಡೆಯುತ್ತದೆ.

ಸ್ಟೇನ್‌ಗಾರ್ತ್ ಎಂಬ ಹಳೆಯ ಟಗ್ ದೋಣಿಯನ್ನು 2000ದಲ್ಲಿ ಇಲ್ಲಿ ಬೇಕೆಂದೇ ಮುಳುಗಿಸಿದ್ದಾರೆ; ಅದು 20 ಮೀಟರ್ ಆಸುಪಾಸಿನಲ್ಲಿ ಕೂತಿದೆ. ಕಳೆದ ಚಳಿಗಾಲದಲ್ಲಿ ಅದರ ಪಕ್ಕದಲ್ಲೇ ನನ್ನ ಜೋಡಿಯವರ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನ, ಹೆಪ್ಪುಗಟ್ಟಿತು. ಸಿಲಿಂಡರಿನೊಳಗೆ 200 ಬಾರ್ ಒತ್ತಡದಲ್ಲಿರುವ ಗಾಳಿ ರೆಗ್ಯುಲೇಟರಿನ ಮೊದಲ ಹಂತದಲ್ಲಿ 10 ಬಾರ್ ಸುಮಾರಿಗೆ ಇಳಿಯುವಾಗ ಹಿಗ್ಗಿ ವಿಪರೀತ ತಣ್ಣಗಾಗುತ್ತದೆ. ನೀರೂ ಅಷ್ಟೇ ತಣ್ಣಗಿದ್ದರೆ ಮಂಜುಗಡ್ಡೆ ಕಟ್ಟಿ ಕವಾಟ ಮುಚ್ಚಿಕೊಳ್ಳದೆ ಗಾಳಿ ಒಂದೇ ಸಮನೆ ಹೊರನುಗ್ಗುತ್ತದೆ. ಮೊದಲು ಕೇಳಿದ್ದು ಸದ್ದು, ಆಮೇಲೆ ಗುಳ್ಳೆಗಳ ಗೋಡೆ. ಅದರೊಳಗಿಂದ ಕೈಗವಸು ತೊಟ್ಟ ಕೈಯೊಂದು ನನ್ನ ಕಡೆ ಚಾಚಿತು. ಎದೆಯ ಮೇಲಿದ್ದ ನನ್ನ ಎರಡನೇ ರೆಗ್ಯುಲೇಟರನ್ನು ಕೊಟ್ಟೆ. ಅವರು ನನ್ನ ಭುಜದ ಪಟ್ಟಿ ಹಿಡಿದರು, ನಾನು ಅವರದನ್ನು ಹಿಡಿದೆ. ಅವರ ಕಣ್ಣು ನನ್ನ ಮುಖದಿಂದ ಒಂದು ಕ್ಷಣವೂ ಕದಲಲಿಲ್ಲ. ಮೂರು ಉಸಿರಾದ ಮೇಲೆ ಬೆರಳಿನ ಉಂಗುರ, ಆಮೇಲೆ ಹೆಬ್ಬೆರಳು. ಆತುರಪಡದೆ ಮೇಲೆ ಬಂದೆವು. ಗುಳ್ಳೆಗಳು ಕುದಿಯುವುದನ್ನು ಕಂಡು ಡೈವ್ ಮ್ಯಾನೇಜರ್ ಆಗಲೇ ಹಗ್ಗ ಹಿಡಿದು ಅಂಚಿಗೆ ಬಂದಿದ್ದರು. ರೆಗ್ಯುಲೇಟರಿನ ಲೋಹದ ಮೇಲೆ ಬಿಳಿ ಹಿಮದ ಪದರ ಕಟ್ಟಿತ್ತು.

ಇದನ್ನು ಸಾಹಸವೆಂದು ಬರೆಯುತ್ತಿಲ್ಲ. ಈಜುಕೊಳದಲ್ಲಿ ವಾರವಾರವೂ ಅಭ್ಯಾಸ ಮಾಡಿದ್ದ ಕೆಲಸವೇ ಅದು, ಅದಕ್ಕೇ ಸಲೀಸಾಗಿ ಆಯಿತು. ಯಾರೋ ಒಬ್ಬರು ತಮ್ಮ ಸಂಜೆಗಳನ್ನು ಕೊಟ್ಟು, ಬೇಸರಿಸದೆ ಕಲಿಸಿದ್ದರು. ಆ ಋಣ ನನಗೆ ದೊಡ್ಡದು. ಈಗ ನಾನೂ ಕೊಳದಲ್ಲಿ ಹೊಸಬರ ಪಕ್ಕ ನಿಲ್ಲುತ್ತೇನೆ.

ಲೆಸ್ಟರ್, ಕವೆಂಟ್ರಿ ಕಡೆಯ ಕನ್ನಡಿಗರು ಯಾರಾದರೂ ಬರುವುದಾದರೆ, ಮೊದಲು ಹತ್ತಿರದ ಕ್ಲಬ್ಬಿನ ಈಜುಕೊಳಕ್ಕೆ ಬನ್ನಿ. ಆರೋಗ್ಯದ ಫಾರಂ ಪ್ರಾಮಾಣಿಕವಾಗಿ ತುಂಬಿ, ಉಬ್ಬಸವಿದ್ದರೆ ಮುಚ್ಚಿಡಬೇಡಿ. ಡ್ರೈಸೂಟ್ ಕೊಳ್ಳಲು ಅವಸರ ಬೇಡ, ಬಾಡಿಗೆಗೆ ಸಿಗುತ್ತದೆ. ಕ್ವಾರಿಗೆ ಬರುವ ದಿನ ದಪ್ಪ ಕಾಲುಚೀಲ ಎರಡು ಜೊತೆ, ಒಂದು ಉಣ್ಣೆ ಟೋಪಿ, ಫ್ಲಾಸ್ಕಿನ ತುಂಬ ಚಹಾ ತನ್ನಿ. ಅವಲಕ್ಕಿ ನಾನು ತರುತ್ತೇನೆ.