ಬಲಗಡೆ ಮೇಲಿನ ಮೂಲೆ

"ಇದೇನಮ್ಮಾ ಚುಕ್ಕೆ? ಎಕ್ಸ್‌ಪೋರ್ಟ್ ಮಾಡುವಾಗ ಏನೋ ಎಡವಟ್ಟಾಗಿದೆ ನೋಡು."

ಈ ವಾರ ತುಮಕೂರಿನಲ್ಲಿ ನಮ್ಮ ಸಿನಿಮಾ ಅಧ್ಯಯನದ ವೈವಾ, ಅಂದರೆ ಮೌಖಿಕ ಪರೀಕ್ಷೆ ಇತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಕಿರುಚಿತ್ರವನ್ನು ಅರ್ಧಕ್ಕೇ ನಿಲ್ಲಿಸಿ ಹೀಗಂದರು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಕರಿ ಚುಕ್ಕೆ ಹಾಗೇ ನಿಂತಿತ್ತು. "ಸರ್, ಅದು ಬೇಕಂತಲೇ ಇಟ್ಟಿದ್ದು" ಅಂದೆ. "ಬೇಕಂತ ಯಾರಾದರೂ ಕಲೆ ಇಡ್ತಾರಾ?" ಅಂದರು. ಪಕ್ಕದಲ್ಲಿದ್ದವರು ನಕ್ಕರು. ನನಗೂ ನಗು ಬಂತು. ಆದರೆ ಮಾರ್ಕ್ಸ್ ಹಾಕುವ ಪೆನ್ನು ಅವರ ಕೈಯಲ್ಲಿತ್ತಲ್ಲ, ತಡೆದುಕೊಂಡೆ.

ನಮ್ಮ ಪ್ರಾಜೆಕ್ಟಿಗೆ ಎರಡು ಭಾಗ. ಒಂದು ಸಂಶೋಧನಾ ಪ್ರಬಂಧ, ಇನ್ನೊಂದು ಕಿರುಚಿತ್ರ. ಎರಡಕ್ಕೂ ಬೇರೆ ಬೇರೆ ಮಾರ್ಕ್ಸ್. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಯಾವುದಾದರೂ ಹೆಸರಾಂತ ನಿರ್ದೇಶಕರನ್ನು ಹಿಡಿದರು. ಪುಸ್ತಕ ಸಿಗುತ್ತೆ, ಸಿನಿಮಾ ಫೋನಲ್ಲೇ ಇರುತ್ತೆ, ಮನೆಯಿಂದ ಹೊರಗೆ ಕಾಲಿಡಬೇಕಿಲ್ಲ. ನಾನು ಹಳೇ ಟಾಕೀಸುಗಳಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರ್‌ಗಳನ್ನು ಹುಡುಕಿಕೊಂಡು ಹೊರಟೆ. ಹಾಗೆ ಸಿಕ್ಕಿದವರೇ ತಿಪಟೂರಿನ ತಾತ. ಟಾಕೀಸು ಮುಚ್ಚಿದ ಮೇಲೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದುಕೊಂಡಿದ್ದು, ಈಗ ಮನೆಯಲ್ಲೇ ಇದ್ದಾರೆ.

ಹಾಸ್ಯನಟ ನರಸಿಂಹರಾಜು ಹುಟ್ಟಿದ ಊರು ಅದು. ತುಮಕೂರಿನಿಂದ ರೈಲು ಹತ್ತಿದರೆ ದಾರಿಯಲ್ಲೇ ಗುಬ್ಬಿ ಸಿಗುತ್ತದೆ. 1954ರ 'ಬೇಡರ ಕಣ್ಣಪ್ಪ' ಗುಬ್ಬಿ ವೀರಣ್ಣನವರ ಸಂಸ್ಥೆ ಕೈಹಾಕಿದ ಸಿನಿಮಾ. ರಾಜ್‌ಕುಮಾರ್ ನಾಯಕರಾಗಿ, ನರಸಿಂಹರಾಜು ಹಾಸ್ಯನಟರಾಗಿ ಬೆಳಕಿಗೆ ಬಂದಿದ್ದು ಅದರಿಂದಲೇ. ಇದನ್ನೆಲ್ಲ ತಾತನ ಹತ್ತಿರ ಮಾತಾಡಬೇಕು ಅಂತ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ನಿಮಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು ಅಂತ ಶುರು ಮಾಡಿದೆ.

"ನಾನೆಲ್ಲಿ ಸಿನಿಮಾ ನೋಡ್ತಿದ್ದೆ ಕಣವ್ವ? ಮೂಲೆ ನೋಡ್ತಿದ್ದೆ" ಅಂದರು.

ಸಾವಿರ ಅಡಿ ಫಿಲ್ಮ್ ಓಡಿದರೆ ಸುಮಾರು 11 ನಿಮಿಷ. ಇಡೀ ಸಿನಿಮಾ ಒಂದೇ ಸುತ್ತಿನಲ್ಲಿ ಬರುವುದಿಲ್ಲ. ಅದಕ್ಕೇ ಪಕ್ಕಪಕ್ಕ ಎರಡು ಪ್ರೊಜೆಕ್ಟರ್. ಒಂದರಲ್ಲಿ ರೀಲು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಬೇಕು, ಕೂತವರಿಗೆ ಗೊತ್ತಾಗಬಾರದು. ಯಾವಾಗ ಅಂತ ಹೇಳುವುದೇ ಆ ಚುಕ್ಕೆ. ರೀಲು ಮುಗಿಯಲು ಸುಮಾರು 8 ಸೆಕೆಂಡ್ ಇರುವಾಗ ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತದೆ, ಆಗ ಎರಡನೇ ಪ್ರೊಜೆಕ್ಟರಿನ ಮೋಟಾರ್ ಹಾಕಬೇಕು. ಇನ್ನೇನು ಒಂದು ಸೆಕೆಂಡ್ ಇದೆ ಅನ್ನುವಾಗ ಇನ್ನೊಂದು ಚುಕ್ಕೆ. ಆಗ ಮೊದಲನೆಯದರ ಬೆಳಕು ಮುಚ್ಚಿ ಎರಡನೆಯದರದು ಬಿಡಬೇಕು. ಚುಕ್ಕೆ ಇರುವುದು ನಾಲ್ಕೇ ಫ್ರೇಮು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಸೆಕೆಂಡಿನ ಆರನೇ ಒಂದು ಭಾಗ. ಕಣ್ಣು ಮಿಟುಕಿಸಿದರೆ ಹೋಯಿತು. ಕೆಳಗೆ ಶಿಳ್ಳೆ, ಬೈಗುಳ. ಇದರ ಮಧ್ಯೆ ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳು ಉರಿದು ಸವೆಯುತ್ತಿರುತ್ತವೆ, ಅವನ್ನೂ ಹತ್ತಿರಕ್ಕೆ ತರುತ್ತಿರಬೇಕು. ನಾಯಕಿ ಅತ್ತಳೋ ನಕ್ಕಳೋ ಯಾರಿಗೆ ಬೇಕು?

ನನ್ನ ಕಿರುಚಿತ್ರದಲ್ಲಿ ಪ್ರತಿ ದೃಶ್ಯ ಮುಗಿಯುವ ಮುಂಚೆ ಅದೇ ಲೆಕ್ಕಕ್ಕೆ ಎರಡು ಚುಕ್ಕೆ ಇಟ್ಟೆ. ಒಪ್ಪಿಸುವ ಮೊದಲು ತಾತನಿಗೆ ಫೋನಿನಲ್ಲಿ ತೋರಿಸಿದೆ. ಪರದೆಯಲ್ಲಿ ಅವರದೇ ಮುಖ ಇತ್ತು, ಅವರು ಅದನ್ನು ನೋಡಲೇ ಇಲ್ಲ. ಮೊದಲ ಚುಕ್ಕೆ ಬಂದಿದ್ದೇ "ಮೋಟಾರ್" ಅಂದರು. ತುಟಿಯಲ್ಲೇ ಎಣಿಸಿದರು. ಎರಡನೆಯದು ಬಂದಾಗ ಹೆಬ್ಬೆರಳು ಮಂಡಿಯ ಮೇಲೆ ಒತ್ತಿತು. "ಚೇಂಜ್." ಕೊನೆವರೆಗೂ ಹೀಗೇ. ಮುಗಿದ ಮೇಲೆ ಸೊಸೆಯನ್ನು ಕರೆದು, ಹುಡುಗಿ ಒಂದೂ ಮಿಸ್ ಮಾಡಿಲ್ಲ ನೋಡು ಅಂದರು. ಸಿನಿಮಾ ಹೇಗಿದೆ ಅಂತ ಮಾತ್ರ ಹೇಳಲೇ ಇಲ್ಲ!

ಅದೇ ಚುಕ್ಕೆ ವೈವಾ ರೂಮಿನಲ್ಲಿ ಕಲೆಯಾಯಿತು. ಬಸ್ಸಿನಲ್ಲಿ, ಊಟಕ್ಕೆ ಕೂತಾಗ, ನಿದ್ದೆಯಲ್ಲೂ ಅದೇ ಕೇಳುತ್ತಿದೆ: ಇದೇನಮ್ಮಾ ಚುಕ್ಕೆ?

ಆ ಸರ್ ಕೆಟ್ಟವರಲ್ಲ. ಸೋವಿಯತ್ ಮೊಂಟಾಜ್, ಅಂದರೆ ಅಲ್ಲಿನ ಹಳೇ ನಿರ್ದೇಶಕರು ದೃಶ್ಯ ಜೋಡಿಸುತ್ತಿದ್ದ ಬಗೆ, ಅದರ ಬಗ್ಗೆ ಅವರು ಮಾತಾಡಿದರೆ ಕೇಳುತ್ತಾ ಕೂರಬಹುದು. ವಿವರಿಸಿದ ಮೇಲೆ "ಓ, ಹಾಗೋ" ಅಂತಲೂ ಅಂದರು. ಆದರೆ ಆಮೇಲೆ ಹೇಳಿದ್ದು ನನಗೆ ಜೀರ್ಣವಾಗಿಲ್ಲ: "ಇದು ಮೆಷಿನ್ ವಿಷಯ ಅಲ್ವಾ, ಟೆಕ್ಸ್ಟ್ ಎಲ್ಲಿ?" ಟೆಕ್ಸ್ಟ್ ಅಂದರೆ ನಮ್ಮ ಪಾಠದ ಭಾಷೆಯಲ್ಲಿ ನಾವು ಕೂತು ಓದಿ ಬಿಡಿಸುವ ಕೃತಿ.

ಟೆಕ್ಸ್ಟ್ ತಾತನ ಮನೆಯ ಅಟ್ಟದ ಮೇಲಿದೆ ಸರ್, ಬಿಸ್ಕತ್ತಿನ ಡಬ್ಬದಲ್ಲಿ. ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಬೆಂಗಳೂರಲ್ಲಿ ಓಡಿ ಓಡಿ ಸವೆದ ಪ್ರಿಂಟು ಕೊನೆಗೆ ಇಂಥ ಊರುಗಳಿಗೆ ಬರುತ್ತಿತ್ತು. ರೀಲಿನ ತುದಿಗಳೇ ಜಾಸ್ತಿ ಹಾಳಾಗಿರುತ್ತಿದ್ದವು. ಹರಿದಲ್ಲೆಲ್ಲ ಕತ್ತರಿಸಿ ಅಂಟಿಸಬೇಕು, ಪ್ರತಿ ಸಲ ಒಂದೆರಡು ಫ್ರೇಮು ಹೋಗುತ್ತದೆ. ಕೆಲವು ಸಲ ಚುಕ್ಕೆಯೇ ಹೋಗಿರುತ್ತದೆ, ಆಗ ಆಪರೇಟರೇ ಮೊಳೆಯಿಂದ ಗೀರಿ ಹೊಸ ಗುರುತು ಮಾಡಿಕೊಳ್ಳುತ್ತಿದ್ದರು. ಹೋದ ತುಂಡುಗಳಲ್ಲಿ ಒಂದಷ್ಟು ಆ ಡಬ್ಬದಲ್ಲಿವೆ. ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಬಣ್ಣವೆಲ್ಲ ಕೆಂಪಿಗೆ ತಿರುಗಿದೆ, ಬಾಗಿಲಲ್ಲಿ ಯಾರದೋ ಅರ್ಧ ಬೆನ್ನು. ಆ ಬೆನ್ನು ಬೆಂಗಳೂರಿನವರಿಗೆ ಕಂಡಿದೆ, ತಿಪಟೂರಿನವರಿಗೆ ಕಂಡಿಲ್ಲ.

ಅಂದಮೇಲೆ ನಾವು ಓದುವುದು ಯಾವ ಸಿನಿಮಾ? ಯೂಟ್ಯೂಬಿನಲ್ಲಿರುವ ಪ್ರತಿಯನ್ನು ಇಟ್ಟುಕೊಂಡು ಆ ಕಾಲದ ಪ್ರೇಕ್ಷಕ ಹೀಗೆ ನೋಡಿದ ಅಂತ ಪುಟಗಟ್ಟಲೆ ಬರೆಯುತ್ತೇವೆ. ಆ ಪ್ರೇಕ್ಷಕ ನೋಡಿದ್ದು ಆಪರೇಟರ್ ಕತ್ತರಿಸಿ ಉಳಿಸಿದ್ದನ್ನು. ಕೊನೆಯ ಎಡಿಟಿಂಗ್ ನಡೆದಿದ್ದು ಆ ಬಿಸಿ ಕ್ಯಾಬಿನ್ನಿನಲ್ಲಿ, ಅದನ್ನು ಮಾಡಿದವರ ಹೆಸರು ಯಾವ ಟೈಟಲ್ ಕಾರ್ಡಿನಲ್ಲೂ ಇಲ್ಲ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದರ ಪ್ರತಿ ಇವತ್ತು ಇಲ್ಲ. ಜಾಹೀರಾತು, ಫೋಟೋ, ನೆನಪು ಇಟ್ಟುಕೊಂಡೇ ಅದರ ಬಗ್ಗೆ ಬರೆಯುತ್ತೇವೆ, ಅದು ಸಂಶೋಧನೆ ಅನ್ನಿಸಿಕೊಳ್ಳುತ್ತದೆ. ಬದುಕಿರುವ ಮನುಷ್ಯನ ಅಟ್ಟದ ಮೇಲಿನ ಡಬ್ಬ ಮಾತ್ರ ಮೆಷಿನ್ ವಿಷಯ!

ಮಾರ್ಕ್ಸ್ ಇನ್ನೂ ಬಂದಿಲ್ಲ. ನೆನ್ನೆ ಜೂನಿಯರ್ ಒಬ್ಬಳು ನನ್ನ ಫೈಲ್ ಕೇಳಿಕೊಂಡು ಬಂದಳು. ಮಾದರಿಗೆ ಅಂದಳು, ಕಾಪಿಗೆ ಅಂತ ಇಬ್ಬರಿಗೂ ಗೊತ್ತು. ಪುಟ ತಿರುಗಿಸುತ್ತಾ "ನಮ್ಮ ದೊಡ್ಡಪ್ಪಾನೂ ಪಾವಗಡದಲ್ಲಿ ಆಪರೇಟರ್ ಆಗಿದ್ರು ಅಕ್ಕಾ, ಇದೆಲ್ಲ ಕೇಳಬಹುದು ಅಂತಾನೇ ಹೊಳೆದಿರಲಿಲ್ಲ" ಅಂದಳು. ಫೈಲ್ ವಾಪಸ್ ಇಸ್ಕೊಂಡೆ. ಇಷ್ಟದ ಸಿನಿಮಾ ಯಾವುದು ಅಂತ ಕೇಳಬೇಡ, ಕತ್ತರಿಸಿದ ತುಂಡೇನಾದರೂ ಇಟ್ಟಿದ್ದೀರಾ ಅಂತ ಮೊದಲು ಕೇಳು ಅಂದೆ. ಅಲ್ಲೇ ನಿಂತು ಊರಿಗೆ ಫೋನ್ ಹಚ್ಚಿದಳು.