ಕೊಳೆ ಅಂದುಕೊಂಡಿದ್ದ ಕಪ್ಪು ಚುಕ್ಕೆ

ಲ್ಯಾಬ್ ಕೆಲಸ ಕಲಿಯುತ್ತಿದ್ದ ಕಾಲ. ಜ್ವರ ಬಂದವರೊಬ್ಬರ ರಕ್ತದ ಸ್ಲೈಡ್ ನೋಡಿ, ಮಲೇರಿಯಾ ಇಲ್ಲ ಅಂತ ಬರೆದೂಬಿಟ್ಟಿದ್ದೆ. ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ಫೀಲ್ಡ್; ಕಡಿಮೆ ಅಂದರೂ 100 ಫೀಲ್ಡ್ ನೋಡಬೇಕಿತ್ತು. ನಾನು 60ಕ್ಕೇ ಕೈಬಿಟ್ಟಿದ್ದೆ. ಕಣ್ಣು ಉರಿಯುತ್ತಿತ್ತು, ಅದೇ ನೆಪ.

ನೋಡುವಾಗ ಒಂದು ದೊಡ್ಡ ಬಿಳಿ ರಕ್ತಕಣ ಸಿಕ್ಕಿತ್ತು. ಮಾನೋಸೈಟ್. ಸುತ್ತಲಿನ ಕೆಂಪು ಕಣಗಳ ಎರಡರಷ್ಟು ಅಗಲ. ಸ್ಲೈಡಿಗೆ ಹಾಕುವ ಜೀಮ್ಸಾ ಬಣ್ಣದಲ್ಲಿ ಮೈಯೆಲ್ಲ ಬೂದು ನೀಲಿ, ನಡುವೆ ಮಡಚಿಟ್ಟಂಥ ನೇರಳೆ ನ್ಯೂಕ್ಲಿಯಸ್. ಪಕ್ಕದಲ್ಲೇ ಕಂದುಗಪ್ಪು ಚೂರುಗಳು, ಪೆನ್ಸಿಲ್ ಹೆರೆದ ಪುಡಿಯ ಹಾಗೆ. ಬಣ್ಣ ಸರಿಯಾಗಿ ತೊಳೆದಿಲ್ಲ, ಕೊಳೆ ಕೂತಿದೆ ಅಂದುಕೊಂಡು ಸ್ಲೈಡ್ ಸರಿಸಿದ್ದೆ.

ಮಾತಿನ ಮಧ್ಯೆ ಸುಮ್ನೆ ಇದನ್ನ ಹೇಳಿದೆ. ಕೆಲಸ ಕಲಿಸುತ್ತಿದ್ದ ಮೇಡಂ ಎದ್ದು ಬಂದರು. ಮತ್ತೆ ಆ ಕಣ ಹುಡುಕಿಸಿ, ಫೋಕಸ್ಸನ್ನು ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿದರು. "ಕೊಳೆ ಆದ್ರೆ ಕಣದ ಮೇಲೆ ಕೂತಿರುತ್ತೆ. ಇದು ಒಳಗಿದೆ. ತಿಂದಿದೆ ಕಣಮ್ಮಾ ಅದು!"

ಮಲೇರಿಯಾ ಪರಾವಲಂಬಿ ಕೆಂಪು ಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಆಗ ಉಳಿಯುವ ಹೀಮ್, ಅಂದರೆ ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ, ಅದಕ್ಕೇ ವಿಷ. ಹಾಗಾಗಿ ಅದನ್ನು ಹರಳು ಮಾಡಿ ಇಟ್ಟುಕೊಳ್ಳುತ್ತದೆ. ಅದೇ ಹೀಮೋಜಾಯಿನ್, ನಾನು ಕಂಡ ಕಪ್ಪು ಚೂರು. ಫಾಲ್ಸಿಪೇರಮ್ ಜಾತಿಯಲ್ಲಿ ಸುಮಾರು 48 ಗಂಟೆಗೊಮ್ಮೆ ಕಣ ಒಡೆದು ಹೊಸ ಮರಿಗಳೂ ಈ ಕಸವೂ ರಕ್ತಕ್ಕೆ ಬೀಳುತ್ತವೆ. ಮರಿಗಳು ಇನ್ನೊಂದು ಕೆಂಪು ಕಣ ಹೊಕ್ಕುಬಿಡಲು ಒಂದೆರಡು ನಿಮಿಷ ಸಾಕು. ಅಷ್ಟರೊಳಗೆ ಮಾನೋಸೈಟ್ ತನ್ನ ಪೊರೆಯನ್ನೇ ಕೈಯಂತೆ ಚಾಚಿ ಸಿಕ್ಕಿದ್ದನ್ನು ಬಾಚಿಕೊಳ್ಳಬೇಕು. ರೋಗಾಣುವಿಗೆ ಅಂಟಿಕೊಳ್ಳಲೆಂದೇ ದೇಹ ತಯಾರಿಸುವ ಪ್ರತಿಕಾಯ ಅಂಟಿದ ಮರಿಯಾದರೆ ಹಿಡಿತ ಸುಲಭ. ಸೋಂಕು ತಗುಲಿದ ಇಡೀ ಕೆಂಪು ಕಣವನ್ನೇ ನುಂಗುವುದೂ ಉಂಟು. ಪರಾವಲಂಬಿ ಒಳಗೆ ಕರಗಿಹೋಗುತ್ತದೆ, ಹರಳು ಮಾತ್ರ ಕರಗುವುದಿಲ್ಲ. ಜಾಸ್ತಿ ನುಂಗಿದ ಕಣಕ್ಕೆ ಮುಂದೆ ಬೇಟೆಯಾಡುವ ಕಸುವೂ ಕುಗ್ಗುತ್ತದಂತೆ. ಪಾಪ ಅನ್ನಿಸಿತು, ಅಲ್ವಾ?

1880ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಇದೇ ಕಪ್ಪು ಚುಕ್ಕೆಗಳ ಬೆನ್ನು ಹತ್ತಿ ಪರಾವಲಂಬಿಯನ್ನು ಕಂಡಿದ್ದು. ನಾನು ಅದನ್ನೇ ಕೊಳೆ ಅಂದಿದ್ದೆ.

"ಫಾಲ್ಸಿಪೇರಮ್ ಆದ್ರೆ ಬಲಿತ ಮೇಲೆ ರಕ್ತನಾಳದ ಗೋಡೆಗೆ ಅಂಟಿಕೊಂಡು ಬಚ್ಚಿಟ್ಟುಕೊಳ್ಳುತ್ತೆ. ಸ್ಲೈಡಲ್ಲಿ ಹೆಚ್ಚಾಗಿ ಎಳೆಯವೇ ಸಿಗೋದು, ಉಂಗುರದ ಹಾಗೆ. ಹುಡುಕು," ಅಂದರು ಮೇಡಂ.

ಲೆನ್ಸಿನಡಿ ಸ್ಲೈಡಿಗೆ ಮತ್ತೊಂದು ಹನಿ ಎಣ್ಣೆ ಹಾಕಿ ಮೊದಲಿಂದ ಶುರು ಮಾಡಿದೆ. ಒಂದು ಕೆಂಪು ಕಣದ ಅಂಚಿನಲ್ಲಿ ನೀಲಿ ಉಂಗುರ, ಅದಕ್ಕೆ ಹರಳು ಕೂರಿಸಿದಂತೆ ಒಂದು ಕೆಂಪು ಚುಕ್ಕೆ.

"ಎಷ್ಟನೇ ಫೀಲ್ಡು?"

"87, ಮೇಡಂ."

ಅವರು ಏನೂ ಅನ್ನಲಿಲ್ಲ. ನನ್ನ ಹಳೇ ರಿಪೋರ್ಟ್ ಹರಿದು, ಖಾಲಿ ಹಾಳೆಯೊಂದನ್ನು ಮುಂದೆ ತಳ್ಳಿದರು.