ಒಂದು ಸಿಲಿಂಡರ್ ಕೈಕೊಟ್ಟಾಗ ಪಕ್ಕದ್ದನ್ನು ಕೇಳಿ

ಎರಡು ಸಿಲಿಂಡರಿನ ಬೈಕು ಮಿಸ್ಸಿಂಗ್ ಹೊಡೆಯಲು, ಅಂದರೆ ಒಂದು ಸಿಲಿಂಡರ್ ಉರಿಯದೇ ಬಿಟ್ಟುಹೋಗಲು, ಶುರುವಾದ ಕೂಡಲೇ ಬರುವ ಮೊದಲ ಸಲಹೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡು ಅಂತ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಜೋಡಿ ಕಾರ್ಬುರೇಟರ್ ಹೊರಗೆ ಬರಬೇಕಾದರೆ ಟ್ಯಾಂಕ್ ಎತ್ತಬೇಕು, ಏರ್ ಫಿಲ್ಟರ್ ಡಬ್ಬಿ ಹಿಂದಕ್ಕೆ ಸರಿಸಬೇಕು, ಕಲ್ಲಿನಷ್ಟು ಗಟ್ಟಿಯಾದ ರಬ್ಬರುಗಳ ಜೊತೆ ಗುದ್ದಾಡಬೇಕು, ಮತ್ತೆ ಕೂರಿಸುವಾಗ ಮೊದಲು ಇಲ್ಲದ ಹೊಸ ತೊಂದರೆಯೊಂದು ಸೇರಿಕೊಂಡರೂ ಗೊತ್ತಾಗುವುದಿಲ್ಲ. ಇಷ್ಟೆಲ್ಲಾ ಆದ ಮೇಲೆ ದೋಷ ಇದ್ದದ್ದು ಪ್ಲಗ್ ಕ್ಯಾಪಿನಲ್ಲಿ (ಕಿಡಿ ಕೊಡುವ ಪ್ಲಗ್ಗಿಗೆ ವೈರನ್ನು ಸೇರಿಸುವ ಟೋಪಿ) ಅಂತ ತಿಳಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಒಂದಕ್ಕಿಂತ ಜಾಸ್ತಿ ಸಿಲಿಂಡರ್ ಇರುವ ಎಂಜಿನ್ನಿನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಚೆನ್ನಾಗಿ ಓಡುತ್ತಿರುವ ಸಿಲಿಂಡರ್ ಪಕ್ಕದಲ್ಲೇ ಇರುತ್ತದೆ. ಅದರ ಸಾಮಾನನ್ನೇ ತೆಗೆದು ಕೆಟ್ಟದ್ದಕ್ಕೆ ಹಾಕಿ ನೋಡಬಹುದು. ಹೊಸದೇನನ್ನೂ ಕೊಳ್ಳುವ ಮೊದಲೇ ತಪ್ಪು ಎಲ್ಲಿದೆ ಅಂತ ತಿಳಿಯುತ್ತದೆ. ಷರತ್ತು ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್ಗು, ಕ್ಯಾಪು, ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲು ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಬೈಕು ಸರಿಹೋಗಬಹುದು, ಆದರೆ ಏನು ಕೆಟ್ಟಿತ್ತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

ನನ್ನ ಬೈಕಿನ ಲಕ್ಷಣ ಹೀಗಿತ್ತು. ಐಡ್ಲಿಂಗ್ ಒರಟಾಯಿತು, ಹ್ಯಾಂಡಲ್ ನಡುಗತೊಡಗಿತು, ಪಿಕಪ್ ಅರ್ಧಕ್ಕೆ ಇಳಿಯಿತು. ಬಲಗಡೆ ಸೈಲೆನ್ಸರಿನಿಂದ ಹಸಿ ಪೆಟ್ರೋಲ್ ವಾಸನೆ. ಜೋರಾಗಿ ರೇಸ್ ಮಾಡಿದರೆ ಒಮ್ಮೊಮ್ಮೆ ಎರಡೂ ಸೇರಿಕೊಂಡು ಎಂಜಿನ್ ತನ್ನ ಹಳೇ ದನಿಗೆ ಬರುತ್ತಿತ್ತು, ಮತ್ತೆ ಒಂದು ಬಿಟ್ಟುಹೋಗುತ್ತಿತ್ತು.

ಮೊದಲ ಕೆಲಸ, ಯಾವ ಸಿಲಿಂಡರ್ ಅಂತ ಖಚಿತ ಮಾಡಿಕೊಳ್ಳುವುದು. ಇದಕ್ಕೆ ಬೇಕಾದದ್ದು ಒಂದಿಷ್ಟು ನೀರು, ಅಷ್ಟೇ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದು ನಿಮಿಷದೊಳಗೆ ಎರಡೂ ಬೆಂಡ್ ಪೈಪಿಗೆ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಪೈಪು), ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಹತ್ತಿರ, ಬೆರಳ ತುದಿಯಿಂದ ಒಂದೆರಡು ಹನಿ ಚಿಮುಕಿಸಿ. ಎಡಗಡೆ ಹನಿ ಬಿದ್ದ ಕೂಡಲೇ ಚುರ್ ಅಂತ ಹಾರಿಹೋಯಿತು. ಬಲಗಡೆ ಹನಿ ಸುಮ್ನೆ ಜಾರಿ ಕೆಳಗಿಳಿದು ಪೈಪಿನ ಬಾಗಿನಲ್ಲಿ ನಿಂತಿತು. ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಕೈ ಇಟ್ಟು ನೋಡಲು ಮಾತ್ರ ಹೋಗಬೇಡಿ, ಕೆಲಸ ಮಾಡುತ್ತಿರುವ ಪೈಪು ಕ್ಷಣದಲ್ಲಿ ಚರ್ಮ ಸುಡುತ್ತದೆ.

ಕೆಲವರು ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ ಕ್ಯಾಪ್ ಎಳೆದು ನೋಡುತ್ತಾರೆ. ಕೆಲಸ ಮಾಡದ ಸಿಲಿಂಡರಿನದ್ದು ಎಳೆದರೆ ದನಿ ಬದಲಾಗುವುದಿಲ್ಲ, ನಿಜ. ಆದರೆ ಸಾವಿರಾರು ವೋಲ್ಟಿಗೆ ಹೋಗಲು ದಾರಿ ಇಲ್ಲದಾಗ ಅದು ಕಾಯಿಲಿನ ಒಳಗೇ ನುಗ್ಗಬಹುದು, ಕಿಡಿಯ ಹೊತ್ತು ನಿಯಂತ್ರಿಸುವ ಸಿಡಿಐ ಡಬ್ಬಿ ಸುಡಬಹುದು, ಇಲ್ಲವೇ ನಿಮ್ಮ ಕೈಗೇ ಹೊಡೆಯಬಹುದು. ಇಂಜೆಕ್ಷನ್ ಬೈಕಾದರೆ ಒಂದು ಇಂಜೆಕ್ಟರಿನ ಕನೆಕ್ಟರ್ ಬಿಡಿಸಿ ಇದೇ ಪರೀಕ್ಷೆ ಮಾಡಬಹುದು, ಮೀಟರಿನಲ್ಲಿ ಎಚ್ಚರಿಕೆ ದೀಪ ಬಂದರೆ ಗಾಬರಿ ಬೇಡ.

ಆಮೇಲೆ ಪ್ಲಗ್ ಬಿಚ್ಚಿ. ಅರ್ಧ ಕಥೆಯನ್ನು ಪ್ಲಗ್ಗೇ ಹೇಳುತ್ತದೆ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ, ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಬಹಳ ಹೊತ್ತು ಕಿಕ್ ಹೊಡೆದರೂ ಪೂರ್ತಿ ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಒಣ ಮಸಿಯಾದರೆ ಪೆಟ್ರೋಲ್ ಜಾಸ್ತಿ, ಜಿಡ್ಡುಜಿಡ್ಡು ಕಪ್ಪಾದರೆ ಆಯಿಲ್ ಮೇಲೆ ಬರುತ್ತಿದೆ. ಸರಿಯಾಗಿ ಉರಿಯುವ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದಲ್ಲಿರುತ್ತದೆ. ನನ್ನ ಎಡಗಡೆಯದ್ದು ಹಾಗೇ ಇತ್ತು, ಬಲಗಡೆಯದ್ದು ಒದ್ದೆ. ಅಂದರೆ ಅನುಮಾನ ಕರೆಂಟಿನ ಮೇಲೆ.

ಪ್ಲಗ್ ಎರಡನ್ನೂ ಅದಲು ಬದಲು ಮಾಡಿದೆ. ತೊಂದರೆ ಬಲಗಡೆಯೇ ಉಳಿಯಿತು, ಹಾಗಾಗಿ ಪ್ಲಗ್ಗಿನ ತಪ್ಪಿಲ್ಲ. ಮುಂದೆ ಕ್ಯಾಪ್. ಇಲ್ಲಿ ಒಂದು ಎಚ್ಚರ: ಅದಲು ಬದಲು ಮಾಡಬೇಕಾದದ್ದು ಕ್ಯಾಪ್ ಮಾತ್ರ, ವೈರಿನ ಸಮೇತ ಅಲ್ಲ. ಬೇರೆ ಬೇರೆ ಹೊತ್ತಿಗೆ ಕಿಡಿ ಕೊಡುವ ಕಾಯಿಲುಗಳಿದ್ದರೆ ವೈರ್ ಬದಲಾದಾಗ ಕಿಡಿ ತಪ್ಪು ಹೊತ್ತಿಗೆ ಬಂದು ಎಂಜಿನ್ ಇನ್ನೂ ಕೆಡುತ್ತದೆ, ತಲೆಯೂ ಕೆಡುತ್ತದೆ. ಬಹಳಷ್ಟು ಕ್ಯಾಪುಗಳು ವೈರಿನ ತುದಿಗೆ ಸ್ಕ್ರೂ ತರಹ ತಿರುಗಿಸಿ ಕೂರುವಂಥವು, ಎಡಕ್ಕೆ ತಿರುಗಿಸಿದರೆ ಕಳಚಿಕೊಳ್ಳುತ್ತವೆ. ಕ್ಯಾಪ್ ಬದಲಾಯಿಸಿ ಸ್ಟಾರ್ಟ್ ಮಾಡಿದರೆ ಬಲಗಡೆ ಬೆಂಡ್ ಪೈಪ್ ಬಿಸಿಯಾಯಿತು, ಎಡಗಡೆಯದ್ದು ತಣ್ಣಗೆ ಉಳಿಯಿತು. ತೊಂದರೆ ಕ್ಯಾಪಿನ ಜೊತೆಗೇ ಆ ಕಡೆ ಹೋಯಿತು!

ಆ ಕ್ಯಾಪನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ಸ್ಕ್ರೂ ಮೊಳೆಯ ಸುತ್ತ ಹಸಿರು ಪುಡಿ, ತಾಮ್ರ ನೀರು ಕುಡಿದರೆ ಬರುವ ಕಿಲುಬು. ಆ ಮೊಳೆ ಕಚ್ಚಿಕೊಂಡಿದ್ದ ವೈರಿನ ತುದಿಯ ಎಳೆಗಳೂ ಕಪ್ಪಾಗಿದ್ದವು. ಕ್ಯಾಪಿನ ಒಳಗೆ ಒಂದು ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ 5 ಕಿಲೋ ಓಮ್. ಮಲ್ಟಿಮೀಟರ್ ಇಟ್ಟರೆ ಚೆನ್ನಾಗಿದ್ದ ಕ್ಯಾಪ್ 5ರ ಹತ್ತಿರ ತೋರಿಸಿತು, ಕೆಟ್ಟಿದ್ದರಲ್ಲಿ ಮುಳ್ಳು ಅಲ್ಲಾಡಲೇ ಇಲ್ಲ. ವೈರಿನ ತುದಿಯನ್ನು ಸುಮಾರು 5 ಮಿಲಿಮೀಟರ್ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಹೊಸ ಕ್ಯಾಪ್ ತಿರುಗಿಸಿ ಕೂರಿಸಿದೆ. ಎಂಜಿನ್ ಎರಡರಲ್ಲೂ ಓಡಿತು.

ಆದರೆ ಅಲ್ಲಿಗೇ ಬಿಟ್ಟರೆ ಹೊಸ ಕ್ಯಾಪಿಗೂ ಅದೇ ಗತಿ. ನೀರು ಅಲ್ಲಿಗೆ ಹೇಗೆ ಬಂತು? ಬಹಳ ಬೈಕುಗಳಲ್ಲಿ ಪ್ಲಗ್ ಕೂರುವ ಗುಂಡಿಯಿಂದ ನೀರು ಹರಿದುಹೋಗಲು ಹೆಡ್ಡಿನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಮಣ್ಣು ತುಂಬಿಕೊಂಡರೆ ಮಳೆಯ ನೀರು, ತೊಳೆದ ನೀರು ಎಲ್ಲಾ ಗುಂಡಿಯಲ್ಲೇ ನಿಲ್ಲುತ್ತದೆ. ನನ್ನದರಲ್ಲಿ ಬಲಗಡೆ ತೂತು ಪೂರ್ತಿ ಮುಚ್ಚಿಹೋಗಿತ್ತು. ತೆಳ್ಳನೆ ತಂತಿ ಹಾಕಿ ಬಿಡಿಸಿದೆ. ಬೈಕ್ ತೊಳೆದ ಮರುದಿನ ಮಿಸ್ಸಿಂಗ್ ಶುರುವಾದರೆ ಮೊದಲು ಈ ತೂತು ನೋಡಿ. ಈ ಕೆಲಸ ಮಾಡುವಾಗ ಪ್ಲಗ್ ಜಾಗದಲ್ಲೇ ಇರಲಿ, ಬಿಚ್ಚುವ ಮೊದಲು ಕಸವನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಎಲ್ಲಾ ಸಿಲಿಂಡರ್ ಒಳಗೆ ಬೀಳುತ್ತದೆ.

ನಾಲ್ಕು ಸಿಲಿಂಡರಿನ ಬೈಕಾದರೆ ಇನ್ನೊಂದು ಸುಳಿವು ಸಿಗುತ್ತದೆ. ಹಳೇ ಮಾದರಿಗಳಲ್ಲಿ ಹೆಚ್ಚಾಗಿ ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ ಕಿಡಿ ಕೊಡುತ್ತದೆ. 1, 4 ಎರಡೂ ಒಟ್ಟಿಗೆ ಹೋಗಿದ್ದರೆ ಆ ಕಾಯಿಲ್ ಅಥವಾ ಅದಕ್ಕೆ ಬರುವ ವೈರ್ ಮೇಲೆ ನೇರ ಅನುಮಾನ. ಒಂದೇ ಒಂದು ಹೋಗಿದ್ದರೆ ಕಾಯಿಲ್ ಬಿಟ್ಟು ಪ್ಲಗ್, ಕ್ಯಾಪ್, ಪೆಟ್ರೋಲ್ ಕಡೆ ನೋಡಿ.

ಕರೆಂಟ್ ಸರಿ ಇದ್ದರೆ ಪೆಟ್ರೋಲ್ ಕಡೆ ಬರಬೇಕು. ಆಗಲೂ ಬಿಚ್ಚುವ ಆತುರ ಬೇಡ. ಕಾರ್ಬುರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ತೊಟ್ಟಿಯಲ್ಲಿ ಪೆಟ್ರೋಲ್ ಇದೆಯಾ, ನೀರು ಸೇರಿದೆಯಾ ಅಂತ ಒಂದು ಗಾಜಿನ ಲೋಟಕ್ಕೆ ಹಿಡಿದು ನೋಡಿ. ಐಡ್ಲಿಂಗಿನಲ್ಲಿ ಮಾತ್ರ ಒಂದು ಸಿಲಿಂಡರ್ ಬಿಟ್ಟುಹೋಗಿ ಆಕ್ಸಿಲರೇಟರ್ ಕೊಟ್ಟಾಗ ಸೇರಿಕೊಂಡರೆ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಕಟ್ಟಿರುವ ಸಾಧ್ಯತೆ ಜಾಸ್ತಿ. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗಿ ಆ ಕೂದಲೆಳೆಯಂಥ ತೂತನ್ನೇ ಮೊದಲು ಮುಚ್ಚುತ್ತದೆ. ಕಾರ್ಬುರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆದರೂ ಇದೇ ಲಕ್ಷಣ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಆ ರಬ್ಬರಿನ ಸುತ್ತ ಕಾರ್ಬ್ ಕ್ಲೀನರ್ ಸ್ವಲ್ಪ ಸಿಂಪಡಿಸಿ, ದನಿ ಬದಲಾದರೆ ಬಿರುಕು ಅಲ್ಲೇ ಇದೆ. ಸುಲಭವಾಗಿ ಹೊತ್ತಿಕೊಳ್ಳುವ ವಸ್ತು, ಪಕ್ಕದಲ್ಲಿ ಬೆಂಕಿ, ಕಿಡಿ ಏನೂ ಇರಬಾರದು.

ಹಳೇ ಜಪಾನಿ ಬೈಕುಗಳಲ್ಲಿ ಒಂದು ವಿಚಿತ್ರ ಇದೆ, ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಟ್ಯಾಂಕಿನ ಪೆಟ್ರೋಲ್ ಕಾಕ್ ಎಂಜಿನ್ನಿನ ವ್ಯಾಕ್ಯೂಮಿನಿಂದ ತೆರೆಯುವ ತರಹದ್ದು. ಅದರ ಸಣ್ಣ ಪೈಪು ಯಾವುದೋ ಒಂದು ಸಿಲಿಂಡರಿನ ಇನ್ಟೇಕಿಗೆ ಹೋಗುತ್ತದೆ. ಕಾಕ್ ಒಳಗಿನ ಡಯಾಫ್ರಮ್ (ತೆಳ್ಳನೆ ಪೊರೆ) ಹರಿದರೆ ಪೆಟ್ರೋಲ್ ಆ ಪೈಪಿನಲ್ಲೇ ನೇರವಾಗಿ ಆ ಸಿಲಿಂಡರಿಗೆ ಇಳಿಯುತ್ತದೆ. ಕಿಡಿ ಚೆನ್ನಾಗಿದೆ, ಆದರೂ ಯಾವಾಗಲೂ ಅದೇ ಪ್ಲಗ್ ಒದ್ದೆ. ಪೈಪ್ ಕಿತ್ತು ನೋಡಿ, ಒಳಗೆ ಹನಿ ಪೆಟ್ರೋಲ್ ಇದ್ದರೂ ಕಾಕ್ ಬದಲಾಯಿಸಬೇಕು.

ಇದೆಲ್ಲಾ ಸರಿ ಇದ್ದರೂ ಸಿಲಿಂಡರ್ ಏಳದಿದ್ದರೆ ಕಂಪ್ರೆಷನ್ ಪರೀಕ್ಷೆ, ಅಂದರೆ ಎಂಜಿನ್ ತಿರುಗಿಸಿದಾಗ ಸಿಲಿಂಡರಿನ ಒಳಗೆ ಏರುವ ಒತ್ತಡವನ್ನು ಗೇಜಿನಲ್ಲಿ ಅಳೆಯುವುದು. ಎರಡೂ ಪ್ಲಗ್ ತೆಗೆದು, ಇಗ್ನಿಷನ್ ಕೆಲಸ ಮಾಡದಂತೆ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಗೇಜ್ ಓದಬೇಕು. ಒಂದರದ್ದು ತುಂಬಾ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ. ಎಂಜಿನ್ ಬಿಚ್ಚುವ ಮಾತು ಬರುವ ಮೊದಲು ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದು) ಅಳೆಯಿರಿ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೇ ಇದ್ದರೂ ಕಂಪ್ರೆಷನ್ ಸೋರುತ್ತದೆ, ಅದರಲ್ಲೂ ಎಂಜಿನ್ ಬಿಸಿಯಾದ ಮೇಲೆ.

ಮತ್ತೊಂದು ವಿಷಯ, ಒಂದೇ ಸಿಲಿಂಡರಿನಲ್ಲಿ ಹೇಗೋ ಓಡುತ್ತಿದೆಯಲ್ಲಾ ಅಂತ ಓಡಿಸುತ್ತಾ ಇರಬೇಡಿ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಇದ್ದರೆ ಆ ಪೆಟ್ರೋಲ್ ಅಲ್ಲಿ ಉರಿದು ಅದನ್ನು ಸುಟ್ಟುಹಾಕುತ್ತದೆ. ನನ್ನ ಬೈಕಿನ ಆಯಿಲ್ ಕೋಲು ತೆಗೆದು ಮೂಸಿದರೆ ಪೆಟ್ರೋಲ್ ವಾಸನೆ ಚೆನ್ನಾಗಿಯೇ ಬರುತ್ತಿತ್ತು, ಹಾಗಾಗಿ ಕ್ಯಾಪ್ ಹಾಕಿದ ದಿನವೇ ಆಯಿಲನ್ನೂ ಬದಲಾಯಿಸಿಬಿಟ್ಟೆ.